ನಾಲ್ಕನೇ ಭಾಗದಿಂದ ಓದಿದವಳು

ಶ್ರೀರಂಗಪಟ್ಟಣದ ಲೈಬ್ರರಿಯಲ್ಲಿ ಪತ್ತೇದಾರ ತಿಮ್ಮರಾಜುವಿನ ಕಾದಂಬರಿಗಳಲ್ಲಿ ಉಳಿದಿದ್ದದ್ದು ನಾಲ್ಕನೇ ಭಾಗ ಒಂದೇ. ಮೊದಲಿನವನ್ನು ಯಾವ ಪುಣ್ಯಾತ್ಮ ಹೊತ್ತುಕೊಂಡು ಹೋದನೋ, ವಾಪಸು ತಂದಿರಲಿಲ್ಲ. ಹೇಮಶ್ರೀ ಅದನ್ನೇ ತಂದಳು. ಗಂಡ ರವೀಂದ್ರ ಮೈಸೂರಿನ ಫ್ಯಾಕ್ಟರಿಗೆ ಹೋದಮೇಲೆ ಬಾಬುರಾಯನಕೊಪ್ಪಲಿನ ಆ ಬಾಡಿಗೆ ಮನೆಯಲ್ಲಿ ಅತ್ತೆ ಪುಟ್ಟತಾಯಮ್ಮನ ಮುಖ ನೋಡಿಕೊಂಡು ಎಷ್ಟು ಹೊತ್ತು ಕೂರುವುದು?

ಓದಲು ಕೂತರೆ ಮೈಯೆಲ್ಲ ಉರಿ. ಹೆಂಡತಿಯ ಹೆಸರೆತ್ತಿದರೆ ಸಾಕು, ತಿಮ್ಮರಾಜು ಎದ್ದು ಹೋಗುತ್ತಾನೆ. ಅವನ ಭಾವಮೈದ ಬಾಗಿಲವರೆಗೆ ಬಂದರೂ ಒಳಗೆ ಕಾಲಿಡುವುದಿಲ್ಲ. ಯಾಕಯ್ಯಾ ಅಂದರೆ, ‘ಆ ಸಂಗತಿ ಓದುಗರಿಗೆ ನೆನಪಿರಬಹುದು’ ಎಂದು ಬರೆದು ಲೇಖಕ ಕೈ ತೊಳೆದುಕೊಂಡಿದ್ದಾನೆ. ಯಾವ ಓದುಗರಿಗಪ್ಪಾ?

“ನಡುವಿಂದ ಓದುದ್ರೆ ಅಂಗೇಯ,” ಎಂದು ರವೀಂದ್ರ ಊಟ ಮಾಡುತ್ತ ನಕ್ಕ. “ತಿಳೀದೆ ಇದ್ದದ್ದ ಬುಟ್ಬುಟ್ಟು ಮುಂದಕ್ಕೆ ಓದು.”

“ಅಂಗೆಲ್ಲ ಬುಡೋಕೆ ನನ್ ಕೈಲಾಗಕಿಲ್ಲ ಕಣ್ರೀ,” ಎಂದಳು ಹೇಮಶ್ರೀ.

ಪಿತೃಪಕ್ಷ ಬಂತು. ಹೋದ ವರ್ಷ, ಮದುವೆಯ ಹೊಸತರಲ್ಲಿ, ಹಬ್ಬದ ದಿನವೇ ಮುಟ್ಟಾಗಿ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಹಿರಿಯರಿಗೆ ಇಟ್ಟ ಎಡೆಯನ್ನು ನೋಡಿರಲಿಲ್ಲ. ಈ ಸಲ ಅತ್ತೆ ಬೇಡ ಬೇಡ ಅಂದರೂ ಕೇಳದೆ ನೀರಿನ ಚೊಂಬು ಹಿಡಿದು ನಡುಮನೆಗೆ ಬಂದಳು.

ಮೂರು ಬಾಳೆಲೆ. ಮೊದಲನೆಯದರ ಮುಂದೆ ಪಂಚೆ, ಶರಟು, ಬೀಡಿ ಕಟ್ಟು: ತೀರಿಕೊಂಡ ಮಾವನಿಗೆ. ಎರಡನೆಯದರ ಮುಂದೆ ನೂಲಿನ ಸೀರೆ, ಎಲೆಯಡಿಕೆ: ಮಾವನ ತಾಯಿಗೆ. ಮೂರನೆಯದರ ಮುಂದೆ ಗಿಳಿಹಸಿರು ಸೀರೆ, ಗಾಜಿನ ಬಳೆ, ಕುಂಕುಮ, ಒಂದು ಕೋನ್ ಐಸ್‌ಕ್ರೀಮು.

ಎಡೆಗೆ ಬಳೆ ಕುಂಕುಮ ಇಡುವುದು ಮುತ್ತೈದೆಯಾಗಿ ಹೋದವಳಿಗೆ. ಜೊತೆಗೆ ಇಡುವ ತಿಂಡಿ, ಬದುಕಿದ್ದಾಗ ಅವರು ಆಸೆಪಟ್ಟು ತಿನ್ನುತ್ತಿದ್ದದ್ದು. ಐಸ್‌ಕ್ರೀಮು ತಿನ್ನುವ ಮುತ್ತೈದೆ ಈ ಮನೆಯಲ್ಲಿ ಯಾರಿದ್ದಳು? ರವೀಂದ್ರನಿಗೆ ಅಕ್ಕತಂಗಿಯರಿಲ್ಲ. ಇದನ್ನು ಪತ್ತೆ ಮಾಡಲು ತಿಮ್ಮರಾಜುವೇ ಬರಬೇಕಾಗಿರಲಿಲ್ಲ.

“ಇದ್ಯಾರ್ದು ಅತ್ತೆ?”

ಪುಟ್ಟತಾಯಮ್ಮ ಧೂಪ ಹಾಕುವುದನ್ನು ನಿಲ್ಲಿಸಲಿಲ್ಲ. “ಸ್ನೇಹಂದು ಕಣವ್ವ. ರವೀಗೆ ಮೊದ್ಲು ತಂದಿದ್ದೋಳು. ಸತ್ತೋದ್ಲು ಬುಡು. ನಾಳೀಕೆ ಆ ಸೀರೆ ನೀನೇ ಉಟ್ಕೊ, ಎಡೆ ಬಟ್ಟೆ ಮನೇರೇ ಉಡ್ಬೇಕು. ವೋದ್ ವರ್ಸ ಉಟ್ಕೊಂಡಿರ್ಲಿಲ್ವಾ?”

ಹೋದ ವರ್ಷ! ಹಬ್ಬದ ಮಾರನೆಯ ದಿನ ಅತ್ತೆ ಕೈಯಾರೆ ಕೊಟ್ಟ ಸೀರೆ. ಅತ್ತೆಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಕುಣಿದಾಡಿದ್ದಳು, ಹುಚ್ಚುಮುಂಡೇದು. ಅದನ್ನೇ ಉಟ್ಟು ತವರೂರು ಹೊಣಕೆರೆಯ ಬೀದಿಯೆಲ್ಲ ತೋರಿಸಿಕೊಂಡು ಬಂದಿದ್ದಳು. ನೆನೆದರೆ ಮೈಮೇಲೆ ಹುಳ ಹರಿದಂತಾಯಿತು.

“ಎಂಗ್ ಸತ್ತೋದ್ಲು?” ಎಂದು ಗಂಡನನ್ನು ಕೇಳಿದಳು.

ಎಡೆಗೆ ಕೈಮುಗಿದು ನಿಂತಿದ್ದ ರವೀಂದ್ರ ತಲೆ ಎತ್ತಲಿಲ್ಲ. “ನೀ ಬರೋಕ್ ಮುಂಚೆ ಆದ್ದು ಅದೆಲ್ಲ. ನಮ್ಮೂರು ಅಕ್ಕಿಹೆಬ್ಬಾಳು ಬುಟ್ಟು ಇಲ್ಲೀಗಂಟ ಬಂದಿರೋದೇ ಅದ್ನ ಮರ್ಯೋಕೆ. ಕೆದಕ್ಬ್ಯಾಡ.”

“ಹಿರೀಕರ ಮುಂದೆ ಕೇಳೋ ಮಾತಾ ಇದು?” ಎಂದು ಅತ್ತೆ ಗದರಿದಳು.

ಹೇಮಶ್ರೀ ಚೊಂಬನ್ನು ಅಲ್ಲೇ ಕುಕ್ಕಿ ಹಿತ್ತಿಲಿಗೆ ಹೋದಳು. ಅವ್ವನಿಗೆ ಫೋನು ಮಾಡಿ, ಈಗಿಂದೀಗಲೇ ಬಂದು ಕರೆದುಕೊಂಡು ಹೋಗು ಎನ್ನಬೇಕು. ಅಪ್ಪನಿಗೆ ತಿಳಿದರೆ ಇವರನ್ನು ಸುಮ್ಮನೆ ಬಿಡುತ್ತಾನೆಯೇ? ಊರ ಮುಂದೆ ಪಂಚಾಯ್ತಿ ಸೇರಿಸುತ್ತಾನೆ.

“ಅವ್ವಾ, ನಮ್ಗೆ ಮೋಸ ಆಗೋಗದೆ ಕಣವ್ವ. ಇವ್ರಿಗೆ ಮೊದ್ಲೇ ಒಂದು ಮದ್ವೆ ಆಗಿತ್ತಂತೆ. ಆ ಹೆಣ್ಣು ಸತ್ತೋಗವ್ಳಂತೆ.”

ಅತ್ತ ಕಡೆ ಅವ್ವ ಪಾರ್ವತಮ್ಮ ಗಾಬರಿಯಾಗಲಿಲ್ಲ. ಅಯ್ಯೋ ಅನ್ನಲೂ ಇಲ್ಲ. “ಈಗ್ ಯೋಳುದ್ರಾ?” ಎಂದಳು ಮೆಲ್ಲಗೆ.

“ನಿಂಗ್ ಗೊತ್ತಿತ್ತಾ?”

“ನಿಮ್ಮಪ್ಪಂಗೂ ಗೊತ್ತಿತ್ತು. ಯೋಳಿದ್ರೆ ನೀನು ಒಪ್ತಿದ್ಯಾ? ಒಳ್ಳೆ ಮನೆ, ಒಬ್ಬನೇ ಮಗ, ಏನೂ ಬ್ಯಾಡ ಹೆಣ್ ಕೊಡಿ ಸಾಕು ಅಂದ್ರು.”

“ಎಂಗ್ ಸತ್ಲು ಅಂತನಾದ್ರೂ ಕೇಳಿದ್ರಾ?”

ಫೋನಿನಲ್ಲಿ ಹೊಣಕೆರೆಯ ಮನೆಯ ಕುಕ್ಕರು ಕೂಗಿದ್ದು ಕೇಳಿಸಿತು.

“ಕೇಳ್ಲಿಲ್ಲ ಕಣ್ ಮಗಾ,” ಎಂದಳು ಪಾರ್ವತಮ್ಮ. “ಕೇಳುದ್ರೆ ಎಲ್ಲಿ ಸಂಬಂಧ ತಪ್ಪೋದಾತು ಅಂತ ಸುಮ್ಕಾದೋ. ನೀನೇ ವಸಿ ಉಸಾರಾಗಿರು.”