ಕಂಬಕ್ಕೆ ಒರಗಿದವನು

ಕಸದ ಲಾರಿ ಹಿಂದಕ್ಕೆ ಸರಿಯುವ ಸದ್ದು, ಪೀಂ ಪೀಂ ಪೀಂ, ಹಾಗಾದರೆ ಇವತ್ತು ಮಂಗಳವಾರ, ಶ್ರೀಶೈಲ್ ಡಬ್ಬಿ ಹೊರಗಿಟ್ಟನೋ ಇಲ್ಲವೋ — ಇಡಲು ಅವನೇ ಇಲ್ಲ ಎಂದು ಮಹತಿಗೆ ಹೊಳೆಯುವಷ್ಟರಲ್ಲಿ ಲಾರಿ ಮುಂದಿನ ಮನೆಗೆ ಹೋಗಿತ್ತು. ಗಂಡನನ್ನು ಮಣ್ಣು ಮಾಡಿ ಬಂದಾಗಿನಿಂದ ಮನೆ ತುಂಬ ಇದ್ದ ಜನ ನಿನ್ನೆ ಹೊರಟುಹೋಗಿದ್ದಾರೆ, ಇವತ್ತು ಬರೀ ಬೆಳಗು, ಒಂದೇ ಲೋಟ ಕಾಫಿ, ಮೇಜಿನ ಮೇಲೆ ಕ್ಯಾಮೆರಾ. ಅದು ಅಣ್ಣಾಸಾಹೇಬ ಅಂಕಲ್‌ದು, ಬಲ್ಗೇರಿಯಾ ಪ್ರವಾಸದ ಬಸ್ಸಿನಲ್ಲಿ ಇಸಿದುಕೊಂಡದ್ದು, ರೋಲ್ ಮುಗಿಸಿ ಕೊಡ್ತೀನ್ರಿ ಅಂಕಲ್ ಅಂದವನು ರೋಲ್ ಮುಗಿಸಲಿಲ್ಲ, ತಿರುಗಿ ಬಂದು ಇನ್ನೂ ಸೂಟ್‌ಕೇಸ್ ಖಾಲಿ ಮಾಡಿರಲಿಲ್ಲ, ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಊರಿನಲ್ಲಿ, ಆಫೀಸಿನ ಪಾರ್ಕಿಂಗ್‌ನಲ್ಲಿ, ಸೀಟ್‌ಬೆಲ್ಟ್ ಬಿಚ್ಚುವ ಮೊದಲೇ ಅವನ ಎದೆ ನಿಂತಿತು, ಕೂತಲ್ಲೇ. ಕೂತಲ್ಲೇ ಹೋದವನನ್ನು ಕೂರಿಸಿಯೇ ಹೂಳಬೇಕಿತ್ತು, ಅವರ ಮನೆತನದ ಪದ್ಧತಿ ಅದು, ಅಂಗೈಯಲ್ಲಿ ಲಿಂಗವಿಟ್ಟು, ಮೈಮೇಲೆ ವಿಭೂತಿ ಸುರಿದು — ಇಲ್ಲಿ ಹಾಗೆಲ್ಲ ಆಗುವುದಿಲ್ಲ ಮೇಡಂ ಅಂದರು ಸ್ಮಶಾನದವರು, ಪೆಟ್ಟಿಗೆಯಲ್ಲಿ ಮಲಗಿಸಿದರು, ಬಸ್ಸಿನಲ್ಲಿ ಕೂತೇ ನಿದ್ದೆ ಮಾಡಿದವನನ್ನು. ನಿನ್ನೆ ಹೊರಡುವಾಗ ಅಂಕಲ್ ಹೆಂಡತಿ ವಿದ್ಯಾವತಿ ಆಂಟಿ ಕೈ ಹಿಡಿದುಕೊಂಡಿದ್ದರು, ಗಣಾರಾಧನಿಗೆ ಹಾರ ಹಾಕಾಕ ಒಂದು ಛಲೋ ಫೋಟೋ ಬೇಕವಾ, ಮದುವಿ ಫೋಟೋದಾಗ ಬಾಸಿಂಗ ಕಟ್ಟ್ಯಾನ, ಅದಕ್ಕ ಹೆಂಗ ಹಾರ ಹಾಕೂದು, ನಮ್ಮ ಕ್ಯಾಮೆರಾದಾಗ ಇರತಾವಲ್ಲ, ತಂದುಕೊಡು, ಅಂಕಲ್ ತೊಳಿಸಿ ದೊಡ್ಡದು ಮಾಡಿಸ್ತಾರ. ಹೂಂ ಅಂದಿದ್ದಳು. ಆ ರೋಲ್ ತುಂಬ ಅವಳೇ ಇದ್ದಾಳೆ, ತೆಗೆದವನು ಅವನು, ಅವನಿರುವುದು ಒಂದರಲ್ಲಿ ಮಾತ್ರ, ಅವಳು ತೆಗೆದದ್ದು, ಕಂಬಕ್ಕೆ ಒರಗಿ.

ಸೌತ್‌ಲೇಕ್‌ನ ಅಂಕಲ್ ಮನೆಯ ಕಡೆಗೆ ಕಾರು ತಾನಾಗಿಯೇ ಹೋಗುತ್ತಿದೆ, ಪಕ್ಕದ ಸೀಟಿನಲ್ಲಿ ಕ್ಯಾಮೆರಾ, ಅದಕ್ಕೂ ಬೆಲ್ಟ್ ಹಾಕಿದ್ದಾಳೆ, ಯಾಕೆ ಹಾಕಿದೆ, ರಸ್ತೆಯ ಎರಡೂ ಬದಿ ಕೆಂಪು ಮಣ್ಣು ಅಗೆದು ಹೊಸ ಅಂಗಡಿಸಾಲು ಏಳುತ್ತಿದೆ, ಹೋದ ವರ್ಷ ಇದು ಇರಲಿಲ್ಲ, ಹಾಗೆ ಹೇಳುತ್ತಿದ್ದವಳು ಬಲ್ಗೇರಿಯಾದ ಗೈಡ್ ರಾದ್ಕಾ, ಮೈಕ್ ಹಿಡಿದು, ಈ ಹೋಟೆಲ್ ಹೋದ ವರ್ಷ ಇರಲಿಲ್ಲ, ಈ ಫ್ಯಾಕ್ಟರಿ ಹೋದ ವರ್ಷ ಇತ್ತು, ಬಸ್ಸಿನಲ್ಲಿದ್ದ ಡಲ್ಲಾಸ್ ಕನ್ನಡದವರೆಲ್ಲ ಕೊನೆಗೆ ಕೋರಸ್ಸಿನಲ್ಲಿ ಹೇಳುತ್ತಿದ್ದರು, ನಮ್ಮ ಲಿಟಲ್ ಎಲ್ಮ್ ಊರ ಇದ್ದಂಗ ಐತಿ ಬಿಡ್ರಿ ಅಂತ ಶ್ರೀಶೈಲ್. ಕಿಟಕಿಯಾಚೆ ಕುದುರೆಗಾಡಿ, ಅದರ ಹಿಂದೆ ಹಾರ್ನ್ ಹೊಡೆಯುವ ಹೊಚ್ಚ ಹೊಸ ಜರ್ಮನ್ ಕಾರು, ಗಾಜು ಒಡೆದ ಫ್ಯಾಕ್ಟರಿಯ ಗೋಡೆಗೆ ಮೊಬೈಲ್ ಜಾಹೀರಾತು, ಮತ್ತೆ ಎಲ್ಲೆಲ್ಲೂ ಆ ಹಾಳೆಗಳು, ಮನೆಬಾಗಿಲಿಗೆ, ಮರಕ್ಕೆ, ಬಸ್‌ಸ್ಟಾಪಿಗೆ ಅಂಟಿಸಿದವು, ಮೇಲೆ ಫೋಟೋ, ಕೆಳಗೆ ಓದಲು ಬಾರದ ಅಕ್ಷರ. ಇಲ್ಲೂ ಎಲೆಕ್ಷನ್ ಭಾಳ ಜೋರೈತಿ ನೋಡ್ರಿ ಅಂದರು ಅಣ್ಣಾಸಾಹೇಬ ಅಂಕಲ್, ಎಲ್ಲರಿಗೂ ಹೌದೆನ್ನಿಸಿತು, ಗೋಡೆಯ ಮೇಲೆ ಮುಖ ಕಂಡರೆ ಅಭ್ಯರ್ಥಿಯೇ ಅಲ್ಲವೇ, ಮುದುಕಿಯರೂ ನಿಂತಾರಲ್ರಿ ಅಂತ ಆಂಟಿ ಮೆಚ್ಚಿಕೊಂಡರು. ಒಂದು ಸಣ್ಣ ಊರಿನಲ್ಲಿ ಬಸ್ಸು ನಿಂತಿತು, ಅಂಕಲ್ ಆಂಟಿ ಸೀಟಿನಲ್ಲೇ ತೂಕಡಿಸುತ್ತಿದ್ದರು, ಶ್ರೀಶೈಲ್ ಇಳಿದು ಒಂದು ಕಂಬದ ಹತ್ತಿರ ಹೋದ, ಎರಡು ಹಾಳೆಗಳ ನಡುವೆ ಸ್ವಲ್ಪ ಜಾಗ, ಅಲ್ಲಿ ಮುಖವಿಟ್ಟ, ನಾನೂ ನಿಂತೇನಿ, ಪಕ್ಷೇತರ, ತಗಿ ಫೋಟೋ. ಅವರಷ್ಟೇ ಗಂಭೀರವಾಗಿ ಕಾಣಬೇಕು, ನಗು ಬರಬಾರದೆಂದು ಉಸಿರು ಬಿಗಿಹಿಡಿದ. ಅವಳಿಗೆ ಆ ಕ್ಯಾಮೆರಾ ಹೊಸತು. ಈ ಬದಿಯ ಗುಂಡಿ ಮಾತ್ರ ಮೇಲಕ್ಕ ಎಳೀಬ್ಯಾಡ, ಹಿಂದಿನ ಬಾಗಲಾ ತೆರಿತದ, ಬೆಳಕು ಬಿದ್ದರ ಎಲ್ಲಾ ಹೋತು ಎಂದು ಹೇಳಿಕೊಟ್ಟಿದ್ದ. ಸ್ವಲ್ಪ ಇರೋ, ಫೋಕಸ್ ಆಗ್ತಿಲ್ಲ. ಲಗೂನ ತಗೀಯೆ, ಉಸಿರ ಹಿಡದೀನಿ. ತೆಗೆದಳು. ಬಸ್ಸು ಹತ್ತಿದ ಮೇಲೆ ರಾದ್ಕಾಳನ್ನು ಅವನೇ ಕೇಳಿದ, ಇವರಲ್ಲಿ ಯಾರು ಗೆಲ್ಲುತ್ತಾರೆ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇಲ್ಲ ಸರ್, ಇವರು ತೀರಿಕೊಂಡವರು, ಮನೆಯವರು ಅಂಟಿಸುತ್ತಾರೆ, ಪ್ರತಿ ವರ್ಷ ಹೊಸದಾಗಿ. ಅವನೊಬ್ಬನೇ ನಕ್ಕ, ಹಂಗಾರ ನನಗ ವೋಟ್ ಹಾಕಬ್ಯಾಡ್ರಪಾ.

ಬಾರವಾ, ಒಳಗ ಬಾ, ಹಿಂಗ್ಯಾಕ ಬಿಸಲಾಗ ನಿಂತಿ ಎಂದರು ಆಂಟಿ, ಅಂಕಲ್ ಹೊರಗೆ ಬಂದು ಕ್ಯಾಮೆರಾ ಇಸಿದುಕೊಂಡರು, ಬೆಲ್ಟಿನ ಧೂಳು ಒರೆಸಿದರು, ತಿರುಗಿಸಿ ನೋಡಿದರು, ರೋಲ್ ಒಳಗ ಐತಲ್ಲ, ನೀ ಚಿಂತಿ ಮಾಡಬ್ಯಾಡವಾ, ಇವತ್ತ ಕೊಟ್ಟು ಬರ್ತೀನಿ, ಹುಡುಗ ನಕ್ಕಂಗ ಇದ್ದದ್ದು ಒಂದರೆ ಸಿಗತೈತಿ. ನಕ್ಕಹಾಗಿಲ್ಲ ಅಂಕಲ್ — ಹೇಳಲಿಲ್ಲ, ಸತ್ತವರ ಸಾಲಿನಲ್ಲಿ ತಾನಾಗಿ ಹೋಗಿ ನಿಂತ ಮುಖ, ಅದಕ್ಕೆ ಹಾರ ಹಾಕುತ್ತಾರೆ, ಊದುಬತ್ತಿ ಹಚ್ಚುತ್ತಾರೆ, ಹಿಂದೆ ಆ ಕಂಬ, ಅವಳೇ ಅಂಟಿಸಿದಂತೆ, ಆದರೆ ಅದು ಹೋದರೆ ಅವನ ಕೊನೆಯದು ಅಂತ ಬೇರೆ ಏನೂ ಇಲ್ಲ. ಒಂದ್ನಿಮಿಷ ಕೊಡಿ ಅಂಕಲ್. ಕೊಟ್ಟರು. ಬದಿಯ ಗುಂಡಿಯನ್ನು ಮೇಲಕ್ಕೆ ಎಳೆದಳು, ಹಿಂಬಾಗಿಲು ಟಕ್ಕೆಂದು ತೆರೆಯಿತು, ಕಂದು ಬಣ್ಣದ ಫಿಲ್ಮನ್ನು ಟೆಕ್ಸಸ್‌ನ ಬಿಸಿಲಿಗೆ ಉದ್ದಕ್ಕೆ ಎಳೆದಳು, ಅಯ್ಯ ನಮ್ಮವ್ವಾ ಏನ್ ಮಾಡಿದಿ ಎಂದು ಆಂಟಿ ಬಾಯಿಗೆ ಸೆರಗು ಒತ್ತಿಕೊಂಡರು, ಅವಳು ಬಾಗಿಲು ಮುಚ್ಚಿ ಕ್ಯಾಮೆರಾವನ್ನು ಅಂಕಲ್ ಕೈಗಿಟ್ಟಳು, ತಗೊಳ್ಳಿ, ಅವರು ನಿಮ್ಮಿಂದ ಇಸ್ಕೊಂಡಿದ್ದು. ಬರಿಗೈ. ಬೆರಳು ಮಾತ್ರ ಇನ್ನೂ ಬಾಗಿದೆ, ಒತ್ತುವ ಹಾಗೆ, ಬೆಳಕು ಬಿದ್ದರೆ ಎಲ್ಲಾ ಹೋಗುತ್ತದೆ ಅಂದಿದ್ದ, ಹೋಗಿಲ್ಲ, ಸ್ವಲ್ಪ ಇರೋ, ಫೋಕಸ್ ಆಗ್ತಿಲ್ಲ, ಎರಡು ಹಾಳೆಗಳ ನಡುವೆ ಕಂಬಕ್ಕೆ ಒರಗಿ ನಿಂತಿದ್ದಾನೆ, ಕೆನ್ನೆ ಬಿಗಿದು, ಅವಳು ಒತ್ತುವುದನ್ನೇ ನೋಡುತ್ತಾ, ಉಸಿರು ಹಿಡಿದುಕೊಂಡು