ಬುತ್ತಿಗಂಟಿನಲ್ಲಿ ಬಂದ ವಹಿ

ಗೆರೆಯಿಲ್ಲದ ಆ ವಹಿಯನ್ನು ಸಮದ ಸರ್ ಕೈಗಿಟ್ಟಾಗ ಪೂರ್ಣಿಮಾ ಅದನ್ನು ಕಣ್ಣಿಗೊತ್ತಿಕೊಂಡಳು. ಖಾನಾಪುರದ ಕುಂಬಾರ ಓಣಿಯ ಹುಡುಗಿ, ಒಂಬತ್ತನೇ ತರಗತಿ. ಗೆರೆಯಿದ್ದ ವಹಿಗಳನ್ನಷ್ಟೇ ಕಂಡವಳಿಗೆ ಅದು ಸಗಣಿ ಸಾರಿಸಿದ ಅಂಗಳದಂತೆ ಕಂಡಿತು, ಇನ್ನೂ ಯಾರೂ ರಂಗೋಲಿ ಹಾಕದ ಅಂಗಳ.

ಬೆಳಗಾವಿಯಿಂದ ದಿನಾ ಬಸ್ಸಿಗೆ ಬಂದುಹೋಗುವ ಡ್ರಾಯಿಂಗ್ ಮಾಸ್ತರರು ಸಮದ ಸರ್. "ದಿನಾ ಒಂದು ಹಾಳಿ," ಅಂದರು. "ಹಾಳಿ ಹರಿಯಂಗಿಲ್ಲ. ರಬ್ಬರ್ ಮುಟ್ಟಂಗಿಲ್ಲ. ಬುಡಕ ಒಂದು ಸಾಲು ಬರೀಬೇಕು, ಎಲ್ಲಿ ತಪ್ಪಿತು ಅಂತ."

"ಛಂದ ಬರಲಿಲ್ಲಂದ್ರ ಏನ್ ಮಾಡೂದ್ರಿ ಸರ್?"

"ಬರಲಿಲ್ಲ ಅಂತ ಬರಿ. ಮರುದಿನ ಮತ್ತ ಕುಂದ್ರು."

ಪೂರ್ಣಿಮಾಳಿಗೆ ಇದು ಹೊಸದೇನಲ್ಲ. ಅವಳ ಆಯಿ ಸಾತವ್ವ ನಸುಕಿನಲ್ಲಿ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಕೂರದೆ ಒಂದು ಗುಟುಕು ನೀರು ಕುಡಿದವಳಲ್ಲ. ಮನಸ್ಸು ನಿಂತ ದಿನವೂ ಕೂರಬೇಕು, ನಿಲ್ಲದ ದಿನವೂ ಕೂರಬೇಕು. ಮೊಮ್ಮಗಳು ಬಾಜೂಕ್ಕೆ ವಹಿ ತೆರೆದು ಕೂರತೊಡಗಿದಾಗ ಸಾತವ್ವ ನಕ್ಕಳು. "ನಂದೂ ನಿಂದೂ ಕೂಡಿ ಎರಡು ಪೂಜಿ ಆದ್ವು ನೋಡು ಮನ್ಯಾಗ."

ಪೂಜೆ ಮುಗಿದ ಮೇಲೆ ಸಾತವ್ವ ಗಡಿಗೆ ಬಡಿಯಲು ಕೂರುತ್ತಿದ್ದಳು. ಹಸಿ ಗಡಿಗೆಯ ಒಳಗೆ ಎಡಗೈಯಲ್ಲಿ ದುಂಡು ಕಲ್ಲು ಹಿಡಿಯುವುದು, ಹೊರಗಿನಿಂದ ಬಲಗೈಯ ಮರದ ಹಲಗೆಯಿಂದ ತಟ್ಟುವುದು. ತಟ್ಟಿದಂತೆಲ್ಲ ಗಡಿಗೆ ಹೊಟ್ಟೆ ಬಿಟ್ಟುಕೊಂಡು ದುಂಡಗಾಗುತ್ತದೆ. ಪೂರ್ಣಿಮಾ ಅದನ್ನೇ ಬರೆಯಲು ಹಟ ಹಿಡಿದಳು.

ಬರೆದರೆ ಸಾಲೆಯೆಲ್ಲ ನಗೆ. ಬಾಜೂಕಿನ ಬೆಂಚಿನ ಹುಡುಗ ಆಕಾಶ ವಹಿ ಎತ್ತಿ ತೋರಿಸಿ, "ಏ ಪೂರ್ಣಿ, ನಿಮ್ಮ ಆಯಿ ಗಡಿಗಿ ಮಾಡಾಕತ್ಯಾಳೋ, ಸಿಟ್ಟಿಗೆದ್ದು ಒಡ್ಯಾಕತ್ಯಾಳೋ?" ಅಂದ.

ಅವನು ಅಂದದ್ದು ಖರೆ. ಹಲಗೆ ಎತ್ತಿದ ಕೈ, ಎದುರಿಗೊಂದು ಪಾಪದ ಗಡಿಗೆ. ಅವಳು ಪ್ರಾಮಾಣಿಕವಾಗಿ ಬುಡಕ್ಕೆ ಬರೆದಳು: "ಒಡೆಯುವಂತೆ ಕಾಣುತ್ತದೆ." ಮರುದಿನ: "ಮತ್ತೆ ಒಡೆಯುವಂತೆ ಕಾಣುತ್ತದೆ." ಹೀಗೆ ಮೂವತ್ತೊಂದು ಹಾಳೆ.

ಮೂವತ್ತೆರಡನೆಯ ದಿನ ಸಾತವ್ವನೇ ವಹಿ ಇಣುಕಿ ನೋಡಿದಳು. "ಅಯ್ಯ ನಿನ್ನ! ನನ್ನ ಇನ್ನೊಂದು ಕೈ ಎಲ್ಲಿ ಹೋತು?"

"ಅದು ಗಡಿಗಿ ಒಳಗ ಐತೆಲ್ಲ ಬೇ, ಕಾಣಸೂದಿಲ್ಲ."

"ಕಾಣಸದಿದ್ರ ಕೈಯಿಲ್ಲಂತೇನು? ಬಾ ಇಲ್ಲೆ."

ಆಯಿ ಅವಳ ಎಡಗೈ ಹಿಡಿದು, ಕಲ್ಲಿನ ಸಮೇತ ಗಡಿಗೆಯೊಳಗೆ ಇಳಿಸಿ, ಹೊರಗಿನಿಂದ ತಟ್ಟಿದಳು. ಧಪ್! ಪೆಟ್ಟು ಮಣ್ಣು ದಾಟಿ ಕಲ್ಲಿಗೆ ಬಂತು, ಕಲ್ಲಿನಿಂದ ಅಂಗೈಗೆ, ಅಂಗೈಯಿಂದ ಮೊಣಕೈ ಹತ್ತಿ ಭುಜಕ್ಕೆ. ಭುಜ ತಾನಾಗಿ ಮೇಲೆದ್ದು ಪೆಟ್ಟನ್ನು ತಡೆದುಕೊಂಡಿತು. ಹುಡುಗಿ ಹೌಹಾರಿ ಆಯಿಯ ಭುಜ ನೋಡಿದಳು. ಅಲ್ಲಿತ್ತು! ಇಷ್ಟು ದಿನ ಕಣ್ಣೆದುರಿಗೇ ಇತ್ತು! ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ವಹಿ ಎಳೆದುಕೊಂಡು ಬರೆದಳು. ಹಾಳೆಯ ಅಂಚಿಗೆ ಐದು ಬೆರಳಿನ ಕೆಸರು ಮೂಡಿತು. ಆದರೆ ಚಿತ್ರದಲ್ಲಿ ಎತ್ತಿದ ಎಡಭುಜವೊಂದು ಬಂದಿತ್ತು. ಕಾಣದ ಕೈ ಒಳಗಿನಿಂದ ಗಡಿಗೆಯನ್ನು ಕಾಯುತ್ತಿದೆ ಎಂದು ಅದನ್ನು ನೋಡಿದವರಿಗೆ ತಿಳಿಯುತ್ತಿತ್ತು.

ಮಾರ್ಚಿನಲ್ಲಿ ಸುದ್ದಿ ಬಂತು. ಬೆಳಗಾವಿಯ ಟಿಳಕವಾಡಿಯಲ್ಲಿ ಬೇಸಿಗೆಯ ಚಿತ್ರ ಶಿಬಿರ, ಹತ್ತು ದಿನ, ಜಿಲ್ಲೆಗೆಲ್ಲ ಹನ್ನೆರಡೇ ಮಕ್ಕಳು. ಆಯ್ಕೆಗೆ ಚಿತ್ರದ ವಹಿ ತೆಗೆದುಕೊಂಡು ಬರಬೇಕು. ಸಮದ ಸರ್ ಅವಳ ಹೆಸರು ಕಳಿಸಿದರು. ದಿನವಿಡೀ ಚಿತ್ರವಷ್ಟೇ ಬರೆಯುವ ಒಂದು ಜಾಗ ಈ ಲೋಕದಲ್ಲಿದೆ ಎಂದು ಕೇಳಿಯೇ ಪೂರ್ಣಿಮಾಳ ಎದೆ ಡವಡವ ಅಂದಿತು. ಶಿವನೇ, ಇದೊಂದು ಕೊಡು ಎಂದು ದಿನಕ್ಕೆ ಹತ್ತು ಸಲ ಬೇಡಿಕೊಂಡಳು.

ಅಷ್ಟು ಬೇಡಿಕೊಂಡವಳು ಮಾಡಿದ ಕೆಲಸ ನೋಡಿ. ನಮ್ಮ ಸಾಲೆಗಳಲ್ಲಿ ರಫ್ ವಹಿ ಬೇರೆ, ಫೇರ್ ವಹಿ ಬೇರೆ. ತಪ್ಪೆಲ್ಲ ರಫ್‌ನಲ್ಲಿ ಉಳಿಯಬೇಕು, ದೊಡ್ಡವರೆದುರು ಫೇರ್ ಇಡಬೇಕು. ಎರಡು ರವಿವಾರ ಕೂತು ಅವಳು ಹೊಸ ವಹಿಯೊಂದಕ್ಕೆ ಚಿತ್ರ ಇಳಿಸಿದಳು. ಒಡೆಯುವ ಗಡಿಗೆಗಳ ಜಾಗದಲ್ಲಿ ದಾಸವಾಳ, ನವಿಲು, ಸೂರ್ಯೋದಯ. ಕೊನೆಗೆ ಭುಜವೆತ್ತಿದ ಆಯಿ. ಮೇಲೆ ಖಾಕಿ ಹಾಳೆಯ ರಟ್ಟು, ಮೊದಲ ಪುಟಕ್ಕೆ ಅರಿಷಿಣ ಕುಂಕುಮ. ಹಳೆಯದು ಜೋಳದ ಡಬ್ಬಿಯ ಹಿಂದೆ ಹೋಯಿತು.

ಶನಿವಾರ ಟಿಳಕವಾಡಿಯಲ್ಲಿ ಸಮದ ಸರ್ ಬಾಗಿಲಲ್ಲೇ ಕಾದಿದ್ದರು. ಒಳಗೆ ಶಿಬಿರ ನಡೆಸುವ ಗಂಗಾದೇವಿ ಮೇಡಂ ದಾಸವಾಳ, ನವಿಲು, ಸೂರ್ಯ ಎಲ್ಲವನ್ನೂ ಸರಸರ ತಿರುವಿ, ಕೊನೆಯ ಚಿತ್ರಕ್ಕೆ ಕೈ ನಿಲ್ಲಿಸಿದರು.

"ಇದಕ ಜೀವ ಐತಿ. ಮಿಕ್ಕಿದ್ದು ಕ್ಯಾಲೆಂಡರ್. ಈ ಭುಜ ಯಾರು ಬರದುಕೊಟ್ರು, ಖರೆ ಹೇಳು?"

"ನಾನಽ ಬರದೀನ್ರಿ."

"ಒಂದ ಸಲಕ್ಕ ಹಿಂಗ ಬರೂದಿಲ್ಲವಾ. ಇದರ ಹಿಂದಿನ ಹಾಳಿ ಎಲ್ಲಿ ಅದಾವು?"

"ರಫ್‌ದಾಗ... ಮನ್ಯಾಗ ಅದಾವ್ರಿ."

ಸಮದ ಸರ್ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಫೇರ್ ಮಾಡಿ ತಂದಿಯೇನವಾ!"

ಮೇಡಂ ಗಡಿಯಾರ ನೋಡಿದರು. ಹನ್ನೆರಡೂವರೆ. "ಮೂರಕ್ಕ ಯಾದಿ ಬರೀತೀನಿ. ಅಷ್ಟರಾಗ ಆ ರಫ್ ನನ್ನ ಟೇಬಲ್ ಮ್ಯಾಲ ಇರಬೇಕು. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಸರ್ ಫೋನ್ ಹಚ್ಚಿಕೊಟ್ಟರು.

"ಆಯಿ! ಜ್ವಾಳದ ಡಬ್ಬಿ ಹಿಂದ ನನ್ನ ಹಳೀ ವಹಿ ಐತಿ. ಲಗೂನ ಬೆಳಗಾವಿ ಬಸ್ಸಿಗೆ ಕೊಡು ಬೇ!"

"ಹುಚ್ಚಿ, ಬರೇ ವಹಿ ಕೊಟ್ರ ಯಾರು ಒಯ್ತಾರ? ತಡಿ, ಬುತ್ತಿ ಕಟ್ತೀನಿ."

ಬೆಳಗಾವಿಯಲ್ಲಿ ಓದುವ ಮಕ್ಕಳಿಗೆ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲೇ ಬುತ್ತಿ ಬರುತ್ತದೆ. ಬೇರೆ ಗಂಟಿಗೆ ಕಂಡಕ್ಟರ್ ಗೊಣಗಿಯಾನು, ಮಗುವಿನ ಅನ್ನಕ್ಕೆ ಇಲ್ಲವೆನ್ನುವುದಿಲ್ಲ.

ಸರ್ ಸ್ಕೂಟರಿನಲ್ಲಿ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹಾರಿದರು. ಖಾನಾಪುರದ ಒಂದು ಬಸ್ಸು ಬಂತು, ಬುತ್ತಿಯಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಪೂರ್ಣಿಮಾ ಕಣ್ಣು ಮುಚ್ಚಿ ಓಂ ನಮಃ ಶಿವಾಯ ಹೇಳುತ್ತ ನಿಂತಳು. ಎರಡೂಕಾಲಕ್ಕೆ ಮೂರನೆಯದರ ಬಾಗಿಲಲ್ಲಿ ಕಂಡಕ್ಟರ್ ಬಂಡೆಪ್ಪ ಗಂಟೊಂದನ್ನು ಎತ್ತಿ ಹಿಡಿದು ಕೂಗಿದ:

"ಸಾತವ್ವನ ಮೊಮ್ಮಗಳು ಯಾರವಾ? ಮುದುಕಿ ನನಗ ಆಣಿ ಹಾಕ್ಯಾಳು, ಇನ್ನೊಬ್ಬರ ಕೈಯಾಗ ಕೊಡಬ್ಯಾಡಂತ!"

"ನಾನ್ರೀ ಕಾಕಾ, ನಾನು!"

"ಬಿಸಿ ಐತಿ, ಸಾವಕಾಶ ಹಿಡಿ!"

ಟಿಳಕವಾಡಿಗೆ ತಿರುಗುವಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಮುಗಿಯಲೊಲ್ಲದು. ಸಮದ ಸರ್ ಹಾರ್ನ್ ಒತ್ತಿದರು, ಹಾರ್ನಿಗೆ ರೈಲು ಓಡುತ್ತದೆಯೋ ಎಂಬಂತೆ. ಗೇಟು ಎದ್ದಿತು. ಮೂರಕ್ಕೆ ಐದು ನಿಮಿಷವಿದೆ ಎನ್ನುವಾಗ ಗಂಟು ಟೇಬಲ್ಲಿನ ಮೇಲಿತ್ತು.

ಬಿಚ್ಚಿದರೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ನಡುವೆ ವಹಿ. ರಟ್ಟಿಗೆ ಎಣ್ಣೆ ಹತ್ತಿತ್ತು. ಪೂರ್ಣಿಮಾ ಓಢಣಿಯಿಂದ ಒರೆಸಹೋದಳು. "ಒರಸಬ್ಯಾಡ," ಅಂದರು ಮೇಡಂ.

ಐದನೆಯ "ಒಡೆಯುವಂತೆ ಕಾಣುತ್ತದೆ"ಗೆ ಅವರಿಗೆ ನಗು ಬಂತು. ಹದಿನೈದನೆಯದಕ್ಕೆ ನಗು ನಿಂತಿತು. ಒಂದೊಂದು ಹಾಳೆಯನ್ನೂ ನಿಧಾನ ತಿರುವಿದರು, ಭಕ್ತರು ಪುರಾಣದ ಪೋಥಿ ತಿರುವುವ ಹಾಗೆ. ಕೆಸರು ಬೆರಳಿನ ಹಾಳೆ ಬಂದಾಗ ತಲೆಯೆತ್ತಿದರು. "ಇಲ್ಲೇನಾತು?"

ಪೂರ್ಣಿಮಾ ಆಗ ಬಾಯಿ ಬಿಟ್ಟಳು. ಕಲ್ಲು, ಪೆಟ್ಟು, ಮೊಣಕೈ, ಭುಜ ಎಲ್ಲ ಒಂದೇ ಉಸಿರಿಗೆ ಬಂತು. ಹೇಳುವಾಗ ಅವಳ ಎಡಭುಜ ತಾನಾಗಿ ಮೇಲೆದ್ದಿತ್ತು. ಮೇಡಂ ಆ ಭುಜವನ್ನೂ ಚಿತ್ರದ ಭುಜವನ್ನೂ ಒಂದು ಗಳಿಗೆ ನೋಡಿ, ಪೆನ್ನು ತೆಗೆದು ಯಾದಿಯಲ್ಲಿ ಹನ್ನೆರಡನೆಯ ಹೆಸರು ಬರೆದರು. ಅಕ್ಷರಗಳು ಅವಳಿಗೆ ತಲೆಕೆಳಗಾಗಿ ಕಂಡವು, ಆದರೂ ಓದಿದಳು. ಸಮದ ಸರ್ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

"ಶಿಬಿರಕ್ಕ ಇದನ್ನಽ ತರಬೇಕು," ಅಂದರು ಮೇಡಂ. "ಮತ್ತ, ಈ ರೊಟ್ಟಿ ಯಾರಿಗೆ? ಮುಂಜಾನಿಂದ ನಾ ಏನೂ ತಿಂದಿಲ್ಲ."

ಮೂವರೂ ಕೂಡಿ ತಿಂದರು.

ಮರಳುವಾಗ ಬಂಡೆಪ್ಪನ ಬಸ್ಸೇ ಸಿಕ್ಕಿತು. ಆಯಿಗೆ ಸುದ್ದಿ ಹೇಳಲು ಪೂರ್ಣಿಮಾಳ ಕಾಲುಗಳು ಕೂತಲ್ಲೇ ಓಡುತ್ತಿದ್ದವು. ಬೆಳಗಾವಿ ದಾಟುವಾಗ ಥಟ್ಟನೆ ನೆನಪಾಯಿತು, ಇವತ್ತಿನ ಹಾಳೆ ಬಾಕಿ ಇದೆ! ತೊಡೆಯ ಮೇಲೆ ವಹಿ ಬಿಚ್ಚಿ, ರೊಟ್ಟಿ ತಿನ್ನುವ ಮೇಡಂ ಅವರನ್ನು ಬರೆದಳು. ಬುಡಕ್ಕೆ ಒಂದು ಸಾಲು ಸೇರಿಸಿದಳು:

"ಬಸ್ಸು ಕುಲುಕಿ ಮೂಗು ಉದ್ದವಾಯಿತು. ಅಳಿಸಿಲ್ಲ."