ಗೌರಿ ಬರುವ ಮುನ್ನಾದಿನದ ಆ್ಯಸಿಡ್

ಹಬ್ಬದ ಗೌರಿಯನ್ನು ಕಳಿಸಿ ವಾರ ಕಳೆದಿರಲಿಲ್ಲ, ಪುಣೆಯ ವಾಕಡದ ಎಂಟು ಮಹಡಿಯ ಸೊಸೈಟಿಯಲ್ಲಿ ಯಾರ ಮನೆಯ ಫ್ಲಶ್ ಒತ್ತಿದರೂ ಕೊಳೆತ ಮೊಟ್ಟೆಯ ನಾತ ಬರತೊಡಗಿತು. ಎಲ್ಲ ಮನೆಗಳ ಕೊಳಚೆ ನೀರನ್ನು ಶುದ್ಧ ಮಾಡಿ ಮತ್ತೆ ಫ್ಲಶ್ಶಿಗೇ ಕೊಡುವ ಘಟಕ ನೆಲಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುವವನು ಕಲಬುರಗಿ ಕಡೆಯ ಭೀಮು. ಸೆಕ್ರೆಟರಿ ಋಷಿಕೇಶ ಗೇಟಿನ ಹತ್ತಿರ ನಾಲ್ಕು ಜನರ ಎದುರು ಅವನನ್ನು ಮರಾಠಿಯಲ್ಲಿ ಜಾಡಿಸಿದ. ನಿದ್ದೆ ಹೊಡೆಯುವವನಿಗೆ ಪಗಾರ ಕೊಡಲಾಗದು, ರವಿವಾರದ ಮೀಟಿಂಗಿನಲ್ಲಿ ತೆಗೆದುಹಾಕುತ್ತೇವೆ ಎಂದ.

ಇದನ್ನು ಕೇಳಿ ಅದೇ ಸೊಸೈಟಿಯ ಇಂದೂಬಾಯಿಯ ಸಿಟ್ಟು ನೆತ್ತಿಗೇರಿತು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು. ಆ್ಯಸಿಡ್, ಫಿನಾಯಿಲ್ ಬಿಡಿ ಎಂದು ಮನೆಮನೆಯ ಕದ ತಟ್ಟಿದ್ದವಳು ಅವಳೇ. ತೊಟ್ಟಿಯ ನೀರನ್ನು ಶುದ್ಧ ಮಾಡುವುದು ಬರೀ ಯಂತ್ರವಲ್ಲ, ಗಾಳಿ ಕುಡಿದು ಬದುಕುವ ಸೂಕ್ಷ್ಮಜೀವಿಗಳು. ನಮ್ಮ ಆ್ಯಸಿಡ್ ಅವನ್ನೇ ಕೊಲ್ಲುತ್ತದೆ ಎಂದು ತಿಳಿಹೇಳಿದ್ದಳು. ಕಮೋಡಿನ ಕಲೆಗೆ ನಿಂಬೆಉಪ್ಪು ಸಾಕು. ಅದರಿಂದ ರೋಗದ ಕ್ರಿಮಿ ಸಾಯುತ್ತದೆಂದು ಅವಳು ಸುಳ್ಳು ಹೇಳಿರಲಿಲ್ಲ. ಕ್ರಿಮಿ ಸಾಯಬೇಕೆಂದರೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಕೆಲಸ ಮುಗಿದ ಮೇಲೆ ಅದು ನೀರೂ ಆಮ್ಲಜನಕವೂ ಆಗಿ ಒಡೆದುಹೋಗುತ್ತದೆ ಎಂದಿದ್ದಳು. ಎಲ್ಲರೂ ಹೂಂಗುಟ್ಟಿದ್ದರು. ಅಂದಿನಿಂದ ನೀರು ತಿಳಿಯಾಗಿಯೇ ಬರುತ್ತಿತ್ತು.

ಸೆರಗನ್ನು ಮೂಗಿಗೆ ಒತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಕಂದು ಬಣ್ಣಕ್ಕಿರಬೇಕಾದ ತೊಟ್ಟಿ ಕಪ್ಪಾಗಿತ್ತು. ಗಾಳಿ ಊದುವ ಪಂಪು ಗುರ್ರೆಂದು ನಡೆದೇ ಇತ್ತು. ಗಾಳಿ ಇದ್ದೂ ಜೀವಿಗಳು ಸತ್ತಿದ್ದವು.

"ಒಂದ ದಿನಾನೂ ನಿಲ್ಲಿಸಿಲ್ರಿ ಬಾಯಾರ," ಎಂದ ಭೀಮು. "ಮ್ಯಾಲಿಂದ ಏನ ಇಳೀತೋ ನಾ ಏನ ಹೇಳ್ಲಿ?"

ಭೋಸರಿಯ ಕಾರ್ಖಾನೆ ಅವನನ್ನು ಒಮ್ಮೆ ಹೊರಗೆ ಹಾಕಿತ್ತು. ಈ ಕೆಲಸವೂ ಹೋದರೆ, ಇದರ ಜೊತೆಗೆ ಇರಲು ಸಿಕ್ಕಿದ್ದ ಖೋಲಿಯೂ ಹೋಗುತ್ತಿತ್ತು.

ಆ್ಯಸಿಡ್ ಯಾರು ಸುರಿದರೋ ಅವರ ಹೆಸರು ಹಿಡಿದು ಬೈಯುವ ಹಟದಿಂದ ಇಂದೂಬಾಯಿ ಮನೆಗೆ ಬಂದು, ಕಾಲು ತೊಳೆಯಲು ಹಿಂದಿನ ಬಾತ್‌ರೂಮಿಗೆ ಹೋದಳು. ಮೋರಿಯ ಸ್ಟೀಲಿನ ಜಾಲರಿ ಕಪ್ಪುಹೊಡೆದಿತ್ತು. ನಳದ ಹೊಳಪು ಸುಟ್ಟಿತ್ತು. ಆ್ಯಸಿಡ್ಡಿನ ಗುರುತು ಹಿಡಿಯಲು ಅವಳಿಗೆ ಅಷ್ಟೇ ಸಾಕಾಯಿತು. ಮೇಲಿನ ಅಟ್ಟಕ್ಕೆ ಕೈಹಾಕಿದಳು, ಹಳೇ ಬಕೆಟ್ಟಿನ ಹಿಂದೆ ಆ್ಯಸಿಡ್ಡಿನ ಖಾಲಿ ಬಾಟಲಿ ಸಿಕ್ಕಿತು.

ಗಂಡ ದಿಗಂಬರ ಪೇಪರಿನಿಂದ ತಲೆ ಎತ್ತದೆಯೇ ಒಪ್ಪಿಕೊಂಡ. "ಒಂದ ಬಾಟ್ಲಿಗೆ ಏನಾಗ್ತದ? ಗೌರಿ ಬರ್ತಾಳ, ಬೀಗರು ಬರ್ತಾರ, ಕಮೋಡ ಹೊಳೀಬ್ಯಾಡೇನು? ಋಷಿಕೇಶನೂ ನಾನೂ ಕೂಡೇ ತಂದಿವಿ."

"ಗೌರಿ ನಿಮ್ಮ ಸಂಡಾಸ ನೋಡ್ಲಿಕ್ಕೆ ಬರ್ತಾಳೇನ್ರಿ?"

ಅವನು ಪೇಪರಿನ ಪುಟ ತಿರುಗಿಸಿದ. ಒಂದೆರಡು ಬಾಟಲಿಗೆ ಅಷ್ಟು ದೊಡ್ಡ ತೊಟ್ಟಿ ಸಾಯದು, ಅವಳಿಗೆ ಎಲ್ಲ ಅರ್ಥವಾಯಿತು. ಎಂಟೂ ಮಹಡಿಗಳವರು, ಹಬ್ಬಕ್ಕೊಂದು ಸಲ ತಾನೆ ಎಂದು, ತಮ್ಮ ತಮ್ಮ ಮನೆಯಲ್ಲಿ ಗುಟ್ಟಾಗಿ ಅದೇ ದಿನ ಸುರಿದಿದ್ದರು. ಸುರಿದವರು ಇವರು, ಗೂಬೆ ಕೂತದ್ದು ಭೀಮುವಿನ ತಲೆಯ ಮೇಲೆ.

ಮಂದಿ ಮುಂದೆ ಮಾನ ಕಳೆಯಬೇಡ ಎಂದು ದಿಗಂಬರ ಗೋಗರೆದರೂ ರವಿವಾರ ಆ ಬಾಟಲಿ ಮೀಟಿಂಗಿನ ಮೇಜಿನ ಮೇಲೆ ಕೂತಿತು. ಇದು ನನ್ನ ಮನೆಯದು ಎಂದು ಇಂದೂಬಾಯಿ ಮರಾಠಿಯಲ್ಲಿ ಹೇಳಿದಳು. ಗೌರಿಯ ಮುನ್ನಾದಿನ ಆ್ಯಸಿಡ್ ಹಾಕದವರು ಕೈ ಎತ್ತಲಿ, ಭೀಮುವನ್ನು ಅವರೇ ತೆಗೆಯಲಿ ಎಂದಳು. ಒಂದು ಕೈಯೂ ಮೇಲೇಳಲಿಲ್ಲ. ಋಷಿಕೇಶ ಗಂಟಲು ಸರಿಮಾಡಿಕೊಂಡು, ಈ ವಿಷಯ ಮುಂದಿನ ತಿಂಗಳು ನೋಡೋಣ ಎಂದ. ಇಂದೂಬಾಯಿ ಗಂಡನ ಮುಖವನ್ನೇ ನೋಡುತ್ತ ನಿಂತಳು. ಫ್ಯಾನು ನೋಡುತ್ತಿದ್ದ ದಿಗಂಬರ ಕೊನೆಗೆ ಎದ್ದ. ಋಷಿಕೇಶ, ನಾವಿಬ್ಬರೂ ಒಂದೇ ಗಾಡಿಯಲ್ಲಿ ತಂದೆವಲ್ಲ ಎಂದ.

ಭೀಮು ಉಳಿದ. ಸತ್ತ ತೊಟ್ಟಿಗೆ ಜೀವ ತುಂಬಲು ಸಗಣಿ, ಬೆಲ್ಲ ಕದಡಿ ಹಾಕಬೇಕಿತ್ತು. ಗೌಳಿಯ ಕೊಟ್ಟಿಗೆಯಿಂದ ಸಗಣಿ ಬಕೆಟ್ ಹೊತ್ತು ತರುವ ಕೆಲಸವನ್ನು ಇಂದೂಬಾಯಿ ದಿಗಂಬರನಿಗೂ ಋಷಿಕೇಶನಿಗೂ ಹಚ್ಚಿದಳು. ಮೊದಲ ದಿನ ಬಕೆಟ್ ಇಳಿಸಿ ಮೇಲೆ ಬಂದ ಗಂಡ, ಸಿಟ್ಟು ಇಳೀತೇನು ಎಂದು ಕೇಳಿದ.

"ತೊಟ್ಟಿ ನೀರು ತಿಳಿ ಆಗ್ಲಿ," ಎಂದಳು ಇಂದೂಬಾಯಿ. "ಆಮ್ಯಾಲ ಕೇಳ್ರಿ."